ಕೂಡಿದ ಬೆರಳು, ಶ್ರೀರಂಗಪಟ್ಟಣದ ಮೂಗು

ಎರಡು ಸಾವಿರಕ್ಕೋ ಎರಡೂವರೆ ಸಾವಿರಕ್ಕೋ ಒಂದು ಮಗು ಬೆರಳು ಕೂಡಿಕೊಂಡೇ ಹುಟ್ಟುತ್ತದೆ. ಹೆಚ್ಚಾಗಿ ಕೂಡಿರುವುದು ನಡುಬೆರಳು ಮತ್ತು ಉಂಗುರದ ಬೆರಳು. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಕುಡುಗೋಲು ಹಿಡಿದಳು ಎಂದು ತಾಯಿಯ ಮೇಲೆ ತಪ್ಪು ಹೊರಿಸುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಪಾಪ, ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆರನೆಯ ವಾರದ ಸುಮಾರಿಗೆ ಗರ್ಭದ ಶಿಶುವಿನ ಅಂಗೈ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ನಡುವಿನ ಜೀವಕೋಶಗಳು ಸತ್ತು ಜಾಗ ಬಿಟ್ಟರೆ ಬೆರಳು ಬಿಡಿಯಾಗುತ್ತವೆ; ಇಲ್ಲದಿದ್ದರೆ ಹಾಗೇ ಉಳಿಯುತ್ತವೆ. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ.

ಕತ್ತರಿಸಿ ಬಿಡಿಸುವುದು ಸುಲಭವೆಂದು ತೋರುತ್ತದೆ. ಕಷ್ಟವಿರುವುದು ಚರ್ಮದಲ್ಲಿ. ಜೊತೆಯಾಗಿದ್ದ ಎರಡು ಬೆರಳನ್ನು ಸುತ್ತಿದ ಚರ್ಮ, ಬಿಡಿಯಾದ ಎರಡನ್ನು ಸುತ್ತಲು ಸಾಲದು. ನೇರವಾಗಿ ಸೀಳಿಬಿಟ್ಟರೆ ಗಾಯ ಬುಡದಿಂದ ಮಾಯುತ್ತಾ ಬಂದು ಬೆರಳುಗಳು ಮತ್ತೆ ಅಂಟಿಕೊಳ್ಳುತ್ತವೆ. ಯುರೋಪಿನಲ್ಲಿ ಜೆಲ್ಲರ್ ಎಂಬ ವೈದ್ಯ 1810ರಲ್ಲಿ ಇದಕ್ಕೊಂದು ಉಪಾಯ ಹೇಳಿದ: ಕೈಯ ಮೇಲ್ಭಾಗದಿಂದ ಮೂರು ಮೂಲೆಯ ಚರ್ಮದ ತುಂಡನ್ನು ಬುಡ ಕಡಿಯದೆ ಎತ್ತಿ, ಬೆರಳ ಸಂದಿಗೆ ಹಾಸುವುದು. ಬುಡದ ರಕ್ತನಾಳಗಳಿಂದ ಚರ್ಮ ಬದುಕುತ್ತದೆ, ಸಂದಿ ಮುಚ್ಚುವುದಿಲ್ಲ.

ಬುಡ ಕಡಿಯದೆ ಚರ್ಮ ತಿರುಗಿಸುವ ಇದೇ ಕೌಶಲವನ್ನು ಯುರೋಪಿನ ಕಣ್ಣಿಗೆ ಬೀಳಿಸಿದ ಕಥೆ ಶುರುವಾಗುವುದು ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ ನಡೆದ ಯುದ್ಧದಿಂದ. ಮಳವಳ್ಳಿಯ ಕಾಳಗ 1799ರದು. ಇದು ಅದರ ಹಿಂದಿನ ಯುದ್ಧ. ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕೋವಾಸ್ಜಿ 1792ರಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂಬುದು ಇಂಗ್ಲಿಷರ ವರದಿ. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯವನ್ನು ಸೇರಿಕೊಂಡ. ಸುಮಾರು ವರ್ಷದ ನಂತರ ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಕೋವಾಸ್ಜಿಯ ಹಣೆಯ ಚರ್ಮವನ್ನು ಮೂಗಿನ ಆಕಾರಕ್ಕೆ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಕೂರಿಸಿದ. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ನೋಡಿದರು. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ 1794ರ ಅಕ್ಟೋಬರಿನಲ್ಲಿ ಚಿತ್ರಸಹಿತ ಅಚ್ಚು ಹಾಕಿತು. ಅದೇ ವಿಧಾನದಲ್ಲಿ ಜೋಸೆಫ್ ಕಾರ್‌ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಮೂಗು ಕಟ್ಟಿದ. ಅವನೆಲ್ಲರಿಗೂ ಗೊತ್ತು, ಪುಣೆಯವನ ಹೆಸರನ್ನು ಬರೆದಿಡುವ ಗೋಜಿಗೆ ವರದಿಗಾರ ಹೋಗಲಿಲ್ಲ.

ಮೂಗಿನಿಂದ ಬೆರಳಿನ ಚಿಕಿತ್ಸೆ ಹುಟ್ಟಿತೆಂದಲ್ಲ, ತತ್ತ್ವ ಒಂದೇ. ಇಂದಿಗೂ ಸಂದಿಗೆ ಹಾಸುವುದು ಬುಡ ಕಡಿಯದ ಚರ್ಮವನ್ನೇ. ಬೆರಳಿನುದ್ದದ ಕೊಯ್ತ ಮಾತ್ರ ನೇರವಲ್ಲ, ಹಾವಿನ ನಡೆಯಂತೆ ಅಂಕುಡೊಂಕು. ನೇರವಾದ ಕಲೆ ಬಿಗಿದು ಬೆರಳನ್ನು ಬಗ್ಗಿಸುತ್ತದೆ. ಸಾಲದ ಕಡೆ ತೊಡೆಸಂದಿನಿಂದ ಚರ್ಮ ತಂದು ಕಸಿ ಮಾಡುತ್ತಾರೆ. ಮೂರು ಬೆರಳು ಕೂಡಿದ್ದರೆ ನಡುವಿನದರ ಎರಡೂ ಪಕ್ಕವನ್ನು ಒಂದೇ ಸಲ ಬಿಡಿಸುವಂತಿಲ್ಲ, ರಕ್ತ ಹರಿಯದೆ ಬೆರಳೇ ಹೋದೀತು.

ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಸುಮಾರಿಗೆ ಶಸ್ತ್ರಚಿಕಿತ್ಸೆ. ಹೆಬ್ಬೆರಳು ತೋರುಬೆರಳು, ಉಂಗುರದ ಬೆರಳು ಕಿರುಬೆರಳು ಕೂಡಿದ್ದರೆ ಅಷ್ಟೂ ಕಾಯುವುದಿಲ್ಲ: ಉದ್ದ ಹೊಂದದ ಜೋಡಿಯಲ್ಲಿ ಗಿಡ್ಡದ್ದು ಉದ್ದದ್ದನ್ನು ಎಳೆದು ಸೊಟ್ಟಗೆ ಮಾಡುತ್ತದೆ. ಮಂಡ್ಯದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ, ಮದ್ದೂರು, ಮಳವಳ್ಳಿಯ ತಾಯಂದಿರು ಕೂಸಿನ ಕೈ ತೋರಿಸಿ ಮೊದಲ ಸಲಹೆ ಕೇಳಲು ಮೈಸೂರು, ಬೆಂಗಳೂರಿನ ಬಸ್ಸನ್ನೇ ಕಾಯಬೇಕಿಲ್ಲ.