ಗಾಳಿ ಗೆದ್ದಿತು, ಷೇರು ಸೋತಿತು

ಉಪ್ಪಿನಂಗಡಿ ಅನ್ನೋ ಹೆಸರಲ್ಲೇ ಒಂದು ವ್ಯಾಪಾರದ ಕಥೆ ಇದೆ. ಉಪ್ಪಿನ ಅಂಗಡಿ. ಕರಾವಳಿಯಿಂದ ನೇತ್ರಾವತಿಯ ಮೇಲೆ ದೋಣಿಯಲ್ಲಿ ಉಪ್ಪು ಬರುತ್ತಿತ್ತು, ಇಲ್ಲಿ ಮಾರಾಟವಾಗುತ್ತಿತ್ತು ಅಂತ ಊರಿನವರು ಹೇಳುತ್ತಾರೆ. ಉಪ್ಪು ಬೇಡದ ಮನೆ ಇದೆಯಾ? ಇಲ್ಲ. ಹಾಗಂತ ಉಪ್ಪಿನ ದೋಣಿಗೆ ದುಡ್ಡು ಹಾಕಿದವರೆಲ್ಲ ಸಾಹುಕಾರರಾಗಿಬಿಡ್ತಾರಾ? ದೋಣಿ ಮಗುಚಬಹುದು. ಮಳೆ ಬಂದು ಉಪ್ಪು ಕರಗಬಹುದು. ಹತ್ತು ದೋಣಿ ಒಟ್ಟಿಗೆ ಬಂದರೆ ರೇಟು ಬೀಳಬಹುದು. ಸರಕು ಎಲ್ಲರಿಗೂ ಬೇಕು ಅನ್ನೋದು ಒಂದು ಮಾತು. ಅದರ ಮೇಲೆ ಹಾಕಿದ ದುಡ್ಡು ವಾಪಸ್ ಬರುತ್ತೆ ಅನ್ನೋದು ಬೇರೆಯೇ ಮಾತು.

ಈ ಎರಡು ಮಾತು ಇವತ್ತು ಕಲಸಿಹೋಗಿರೋದು ಕ್ಲೀನ್ ಎನರ್ಜಿ ಹೂಡಿಕೆಯಲ್ಲಿ. ಉಪ್ಪಿನಂಗಡಿ, ಪುತ್ತೂರು, ಸುಳ್ಯ, ಕಡಬ ಕಡೆಯವರು ಸಿಕ್ಕಾಗ ರಾಜಕೀಯ ಮುಗಿದ ಮೇಲೆ ಕೇಳೋ ಪ್ರಶ್ನೆ ಇದೇ: "ಸೋಲಾರ್, ವಿಂಡ್ ಫಂಡಿಗೆ ಹಾಕಬಹುದಾ ಮಾರಾಯ್ರೆ? ಭವಿಷ್ಯ ಅದರದ್ದೇ ಅಲ್ವಾ?" ಹೌದು, ಭವಿಷ್ಯ ಅದರದ್ದೇ. ಆದರೆ ಭವಿಷ್ಯ ಗೆದ್ದ ಮಾತ್ರಕ್ಕೆ ಅದರ ಮೇಲೆ ದುಡ್ಡು ಹಾಕಿದವನೂ ಗೆಲ್ಲುತ್ತಾನಾ? ಇತಿಹಾಸ ಏನು ಹೇಳುತ್ತೆ, ನೋಡೋಣ.

ಮೊದಲು ನಮ್ಮ ತೋಟದ್ದೇ ಉದಾಹರಣೆ. 1970ರ ದಶಕದಲ್ಲಿ ಅಡಿಕೆ ಮರದ ನಡುವೆ ಕೊಕ್ಕೋ ಗಿಡ ಬಂತು. ಹೊಸ ಬೆಳೆ, ವಿದೇಶದಲ್ಲೂ ಬೇಡಿಕೆ, ನೆರಳಲ್ಲೇ ಬೆಳೆಯುತ್ತೆ. ಎಲ್ಲ ಲೆಕ್ಕವೂ ಸರಿ. ಆದರೆ 1980ರ ಹೊತ್ತಿಗೆ ಅಂತಾರಾಷ್ಟ್ರೀಯ ಬೆಲೆ ಕುಸಿಯಿತು, ಖರೀದಿ ಮಾಡುತ್ತಿದ್ದ ಚಾಕೊಲೇಟ್ ಕಂಪನಿ ಹಿಂದೆ ಸರಿಯಿತು. ಕೊಕ್ಕೋ ಕೆಟ್ಟ ಬೆಳೆಯಾಗಿತ್ತಾ? ಖಂಡಿತ ಇಲ್ಲ. ಕೊಳ್ಳುವವನು ಇರಲಿಲ್ಲ, ಅಷ್ಟೇ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಕೊಳ್ಳುವವನು ಯಾರು, ಅವನು ನಾಳೆಯೂ ಕೊಳ್ಳುತ್ತಾನಾ? ಈ ಪ್ರಶ್ನೆಯನ್ನು ಈ ಮಣ್ಣಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಷೇರು ಕೊಳ್ಳುವಾಗ ಮಾತ್ರ ಯಾಕೋ ಮರೆತುಬಿಡ್ತೀವಿ.

ಈಗ ಕರೆಂಟಿಗೆ ಬನ್ನಿ. ಕರ್ನಾಟಕದ ಮೊದಲ ದೊಡ್ಡ ಶುದ್ಧ ಇಂಧನ ಹೂಡಿಕೆ ಯಾವುದು? ಶಿವನಸಮುದ್ರ. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಯೋಜನೆ. ಇದರಲ್ಲಿ ತಂತ್ರಜ್ಞಾನದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಕರೆಂಟು ಹರಿಯುವ ಮೊದಲೇ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿ ಕಂಪನಿಗಳ ಜತೆ ಮೈಸೂರು ಸರ್ಕಾರ ಒಪ್ಪಂದ ಮಾಡಿಕೊಂಡಿತ್ತು. ಗಿರಾಕಿ ಮೊದಲು, ಟರ್ಬೈನ್ ಆಮೇಲೆ. ಅಷ್ಟಾದರೂ ಅಪಾಯ ತಪ್ಪಲಿಲ್ಲ. ಬೇಸಿಗೆಯಲ್ಲಿ ಕಾವೇರಿಯ ನೀರು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು ಮಾಡಿದ್ದಕ್ಕೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಕೊಡಬೇಕು ಅನ್ನೋದೂ ಒಂದು ದೊಡ್ಡ ಕಾರಣ. ಉಪ್ಪಿನಂಗಡಿಯಲ್ಲಿ ಮಳೆಗಾಲದ ಕುಮಾರಧಾರೆಯನ್ನೂ ಬೇಸಿಗೆಯ ಕುಮಾರಧಾರೆಯನ್ನೂ ನೋಡಿದವರಿಗೆ ಇದನ್ನು ವಿವರಿಸೋದು ಬೇಡ.

ಇನ್ನು ನಮ್ಮ ಕರಾವಳಿಯ ಕಥೆ. ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಪಡುಬಿದ್ರಿ ಸಿಗುತ್ತಲ್ಲ, ಅಲ್ಲಿ ಸುಜ್ಲಾನ್ ಕಂಪನಿ ಗಾಳಿಯಂತ್ರದ ರೆಕ್ಕೆ ಮಾಡುವ ಘಟಕ ಹಾಕಿತ್ತು. ಗುಜರಾತಿನ ಜವಳಿ ಉದ್ಯಮಿ ತುಳಸಿ ತಾಂತಿ 1995ರಲ್ಲಿ ಶುರು ಮಾಡಿದ ಕಂಪನಿ ಇದು. 2005ರಲ್ಲಿ 510 ರೂಪಾಯಿಯಂತೆ ಜನರಿಗೆ ಷೇರು ಕೊಟ್ಟಿತು. 2008ರ ಜನವರಿ ಹೊತ್ತಿಗೆ ಅದು ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಒಂದು ಷೇರನ್ನು ಐದಾಗಿ ಒಡೆದರು. ಅಂದರೆ ಐಪಿಒದಲ್ಲಿ ಕೊಂಡವನಿಗೆ ಒಂದು ಹೊಸ ಷೇರು ಬಿದ್ದ ಬೆಲೆ 102 ರೂಪಾಯಿ. ಆಗ ಸುಜ್ಲಾನ್ ಕೊಳ್ಳದವನೇ ದಡ್ಡ ಅನ್ನೋ ಕಾಲ.

ಆಮೇಲೆ? ವಿದೇಶಿ ಕಂಪನಿಗಳನ್ನು ಕೊಳ್ಳಲು ಸುಜ್ಲಾನ್ ದೊಡ್ಡ ಸಾಲ ಮಾಡಿತು. 2006ರಲ್ಲಿ ಬೆಲ್ಜಿಯಂನ ಹ್ಯಾನ್ಸೆನ್, 2007ರಲ್ಲಿ ಜರ್ಮನಿಯ ರೀಪವರ್. 2008ರಲ್ಲಿ ಅಮೆರಿಕಕ್ಕೆ ಕಳಿಸಿದ್ದ ರೆಕ್ಕೆಗಳಲ್ಲಿ ಬಿರುಕು ಕಂಡಿತು. ಅದೇ ವರ್ಷ ಜಗತ್ತಿನ ಹಣಕಾಸು ಮಾರುಕಟ್ಟೆಯೇ ಕುಸಿಯಿತು. 2012ರ ಅಕ್ಟೋಬರ್‌ನಲ್ಲಿ ಸುಮಾರು 20 ಕೋಟಿ ಡಾಲರ್ ಮೊತ್ತದ ವಿದೇಶಿ ಬಾಂಡ್ ಸಾಲ ತೀರಿಸಲಾಗದೆ ಕೈಚೆಲ್ಲಿತು. 2017ರಲ್ಲಿ ಪಡುಬಿದ್ರಿ ಘಟಕಕ್ಕೆ ಬೀಗ ಬಿತ್ತು. 2020ರ ಮಾರ್ಚ್‌ನಲ್ಲಿ ಷೇರಿನ ಬೆಲೆ ಎಷ್ಟು ಗೊತ್ತಾ? ಎರಡು ರೂಪಾಯಿಗೂ ಕಡಿಮೆ. 102 ರೂಪಾಯಿಯ ಷೇರು ಒಂದು ಚಾಕೊಲೇಟ್ ಬೆಲೆಗೆ ಬಂದು ನಿಂತಿತ್ತು.

ಈಗ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಡಿ. 2005ರಲ್ಲಿ ಭಾರತದ ಪವನ ವಿದ್ಯುತ್ ಸಾಮರ್ಥ್ಯ ಸುಮಾರು 4,000 ಮೆಗಾವ್ಯಾಟ್. 2020ರಲ್ಲಿ 37,000 ಮೆಗಾವ್ಯಾಟ್ ದಾಟಿತ್ತು. ಒಂಬತ್ತು ಪಟ್ಟು! ಗಾಳಿಗೆ ಭವಿಷ್ಯ ಇದೆ ಅಂದವನ ಮಾತು ನೂರಕ್ಕೆ ನೂರು ನಿಜವಾಯಿತು. ಅದೇ ಅವಧಿಯಲ್ಲಿ ಆ ಮಾತು ನಂಬಿ ಷೇರು ಕೊಂಡವನ ನೂರು ರೂಪಾಯಿಯಲ್ಲಿ ತೊಂಬತ್ತೆಂಟು ಹೋಯಿತು. ಗಾಳಿ ಗೆದ್ದಿತು, ಷೇರು ಸೋತಿತು. ಆಮೇಲೆ ಕಂಪನಿ ಸಾಲ ತೀರಿಸಿ ಎದ್ದು ನಿಂತಿತು, ಅದನ್ನು ಮೆಚ್ಚಬೇಕು. 2024ರ ಸೆಪ್ಟೆಂಬರ್‌ನಲ್ಲಿ ಷೇರು 80 ರೂಪಾಯಿ ದಾಟಿತು. 19 ವರ್ಷ ಕಾದವನಿಗೆ ಆಗಲೂ ಅಸಲು ಪೂರ್ತಿ ಬಂದಿರಲಿಲ್ಲ.

ಇಂಜಿನಿಯರಿಂಗ್ ಓದುವಾಗ ನಮಗೆ ಒಂದು ಸೂತ್ರ ಹೇಳಿಕೊಟ್ಟಿದ್ದರು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು. ತಿರುಗಿಸಿ ಹೇಳಿದರೆ, ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಆದರೆ ಬ್ಯಾಂಕಿನ ಕಂತು? ಅದು ಗಾಳಿ ಬೀಸಿದರೂ ಅಷ್ಟೇ, ನಿಂತರೂ ಅಷ್ಟೇ. ಶುದ್ಧ ಇಂಧನಕ್ಕೆ ಕಲ್ಲಿದ್ದಲಿನ ಖರ್ಚಿಲ್ಲ, ನಿಜ. ಎಲ್ಲ ಖರ್ಚೂ ಶುರುವಿನಲ್ಲೇ, ಅದೂ ಬಹುಪಾಲು ಸಾಲದಲ್ಲಿ. ಹಾಗಾಗಿ ಬಡ್ಡಿ ದರ ಏರಿತು ಅಂದರೆ ಈ ಕಂಪನಿಗಳಿಗೆ ಮೊದಲು ಜ್ವರ ಬರುತ್ತೆ.

"ಒಂದೇ ಕಂಪನಿ ಆದ್ರೆ ಹಾಗೆ, ಫಂಡ್ ಆದ್ರೆ ಹತ್ತಾರು ಕಂಪನಿ ಇರುತ್ತಲ್ವಾ?" ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ 2008ರ ಜೂನ್‌ನಲ್ಲಿ ಶುರುವಾದ ಐಶೇರ್ಸ್ ಗ್ಲೋಬಲ್ ಕ್ಲೀನ್ ಎನರ್ಜಿ ಅನ್ನೋ ಫಂಡ್ ಇದೆ. ಜಗತ್ತಿನಾದ್ಯಂತ ಇಂಥ ಕಂಪನಿಗಳನ್ನು ಆರಿಸಿ ಇಟ್ಟ ಬುಟ್ಟಿ ಅದು. 2020ರಲ್ಲಿ ಒಂದೇ ವರ್ಷಕ್ಕೆ ಎರಡು ಪಟ್ಟಿಗೂ ಹೆಚ್ಚಾಯಿತು. ಅದನ್ನು ನೋಡಿ ಜನ ನುಗ್ಗಿದರು. ಮುಂದೆ 2021, 2022, 2023, 2024, ಸಾಲಾಗಿ ನಾಲ್ಕು ವರ್ಷ ನಷ್ಟ. ಆ ನಾಲ್ಕು ವರ್ಷದಲ್ಲಿ ಜಗತ್ತು ಸೋಲಾರ್ ಹಾಕೋದು ನಿಲ್ಲಿಸಿತ್ತಾ? ಇಲ್ಲ, ಹಿಂದೆಂದಿಗಿಂತ ಹೆಚ್ಚು ಹಾಕಿತು. ಪ್ಯಾನೆಲ್ ಬೆಲೆ ಬಿದ್ದಿದ್ದರಿಂದ ಹಾಕಿಸಿದವನಿಗೆ ಲಾಭವಾಯಿತು, ತಯಾರಿಸಿದವನಿಗೆ ಪೆಟ್ಟು ಬಿತ್ತು.

ಬುಟ್ಟಿಯಲ್ಲಿ ಐವತ್ತು ಕಾಯಿ ಇದ್ದರೂ ಎಲ್ಲವೂ ಒಂದೇ ತೋಟದ್ದಾದರೆ ರೋಗ ಬಂದಾಗ ಏನಾಗುತ್ತೆ? ಹಳದಿ ರೋಗಕ್ಕೆ ತೋಟ ಕಳೆದುಕೊಂಡ ಸುಳ್ಯದ ಬೆಳೆಗಾರರನ್ನು ಕೇಳಿ. ನಮ್ಮಲ್ಲಿ ಥೀಮ್ಯಾಟಿಕ್ ಫಂಡ್ ಅಂದರೆ ಕನಿಷ್ಠ ಶೇ. 80ರಷ್ಟು ಹಣ ಅದೇ ವಿಷಯದ ಷೇರುಗಳಲ್ಲಿ ಇರಬೇಕು ಅನ್ನೋದು ಸೆಬಿ ನಿಯಮ. ಇನ್ನೊಂದು ತಮಾಷೆ ಇದೆ. 'ಎನರ್ಜಿ' ಅಂತ ಹೆಸರಿಟ್ಟ ಫಂಡಿನ ಪಟ್ಟಿ ತೆಗೆದು ನೋಡಿದರೆ ಒಳಗೆ ತೈಲ ಕಂಪನಿ, ಕಲ್ಲಿದ್ದಲಿನ ಕಂಪನಿಯೂ ಸಿಗಬಹುದು. ಜಾಹೀರಾತಲ್ಲಿ ಗಾಳಿಯಂತ್ರ, ಪಟ್ಟಿಯಲ್ಲಿ ಪೆಟ್ರೋಲು!

ಸರ್ಕಾರವೇ ಕೊಳ್ಳುತ್ತೆ, ಭಯ ಯಾಕೆ ಅಂತೀರಾ? 2019ರಲ್ಲಿ ಪಕ್ಕದ ಆಂಧ್ರದಲ್ಲಿ ಸರ್ಕಾರ ಬದಲಾಯಿತು. ಬಂದ ಕೂಡಲೇ ಹಳೆಯ ಪವನ, ಸೌರ ವಿದ್ಯುತ್ ಒಪ್ಪಂದಗಳ ದರ ಇಳಿಸಬೇಕು ಅಂತ ಹೊರಟಿತು. ಕಂಪನಿಗಳು ಕೋರ್ಟಿಗೆ ಹೋದವು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ತೀರ್ಪು ಅವುಗಳ ಪರ ಬಂತು. ನ್ಯಾಯ ಸಿಕ್ಕಿತು, ಮೂರು ವರ್ಷ ಹೋಯಿತು.

ಕೊನೆಗೆ ಮನುಷ್ಯನ ದುರಾಸೆ. 2025ರ ಏಪ್ರಿಲ್ 15ರಂದು ಸೆಬಿ ಜೆನ್‌ಸೋಲ್ ಇಂಜಿನಿಯರಿಂಗ್ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಸೋಲಾರ್ ಕೆಲಸದ ಕಂಪನಿ. 6,400 ಎಲೆಕ್ಟ್ರಿಕ್ ಕಾರು ಕೊಳ್ಳಲು ಸರ್ಕಾರಿ ಹಣಕಾಸು ಸಂಸ್ಥೆಗಳಿಂದ ಸಾಲ ಪಡೆದು, 4,704 ಮಾತ್ರ ಕೊಂಡಿದೆ, ಉಳಿದ ಹಣದಲ್ಲಿ ಒಂದು ಪಾಲು ಗುರುಗ್ರಾಮದ ಐಷಾರಾಮಿ ಫ್ಲ್ಯಾಟಿಗೆ ಹೋಗಿದೆ ಅನ್ನೋದು ಆದೇಶದಲ್ಲಿರುವ ಮಾತು. ಆ ಕಾರುಗಳನ್ನು ಓಡಿಸುತ್ತಿದ್ದ ಬ್ಲೂಸ್ಮಾರ್ಟ್ ಬೆಂಗಳೂರಲ್ಲೂ ನಿಂತುಹೋಯಿತು. ಹಸಿರು ಬಣ್ಣ ಬಳಿದರೆ ಬ್ಯಾಲೆನ್ಸ್ ಶೀಟ್ ಶುದ್ಧವಾಗಲ್ಲ.

ಹಾಗಾದರೆ ಹಾಕಲೇಬಾರದಾ? ನಾನು ಹೂಡಿಕೆ ಸಲಹೆಗಾರನಲ್ಲ, ಪತ್ರಕರ್ತ. ನನ್ನ ಅಭಿಪ್ರಾಯ ಇಷ್ಟು. ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ. ಇವರ ಕರೆಂಟು, ಇವರ ಯಂತ್ರ ಕೊಳ್ಳುವವನು ಯಾರು? ತಲೆ ಮೇಲೆ ಸಾಲ ಎಷ್ಟು? ಈಗಿನ ಬೆಲೆಯಲ್ಲಿ ಮುಂದಿನ ಹತ್ತು ವರ್ಷದ ಆಸೆ ಈಗಾಗಲೇ ಸೇರಿಹೋಗಿದೆಯಾ? ಮೂರಕ್ಕೂ ಉತ್ತರ ಸಿಗದಿದ್ದರೆ ಕೈ ಕಟ್ಟಿ ಕೂರೋದೇ ವಾಸಿ. ಸಿಕ್ಕಿದರೂ, ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡು, ತೋಟಕ್ಕೆ ಮರುನಾಟಿ ಮಾಡಲು ತೆಗೆದಿಟ್ಟ ದುಡ್ಡು ಅಲ್ಲಿಗೆ ಹೋಗಬಾರದು. ಹತ್ತು ವರ್ಷ ಮುಟ್ಟದಿದ್ದರೂ ನಡೆಯುತ್ತೆ, ಅರ್ಧಕ್ಕೆ ಬಿದ್ದರೂ ರಾತ್ರಿ ನಿದ್ದೆ ಬರುತ್ತೆ ಅನ್ನುವಷ್ಟು ಮಾತ್ರ ಹಾಕಿ. ನೆನಪಿರಲಿ, ಅರ್ಧಕ್ಕೆ ಬಿದ್ದದ್ದು ಮೊದಲಿನ ಜಾಗಕ್ಕೆ ಬರಬೇಕಾದರೆ ಎರಡು ಪಟ್ಟಾಗಬೇಕು.

ಸೂರ್ಯನ ಮೇಲೆ ನಿಜಕ್ಕೂ ನಂಬಿಕೆ ಇದ್ದರೆ ಇನ್ನೊಂದು ದಾರಿ ಇದೆ. ನಿಮ್ಮ ಮನೆಯ ಮಾಡು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್‌ಗೆ 78,000 ರೂಪಾಯಿ ಸಬ್ಸಿಡಿ ಘೋಷಿಸಿದ್ದಾರೆ. ನಮ್ಮ ಮಳೆಗಾಲದ ನಾಲ್ಕು ತಿಂಗಳು ಉತ್ಪಾದನೆ ಕಡಿಮೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಅಲ್ಲಿ ಕರೆಂಟು ತಯಾರಿಸುವವರೂ ನೀವೇ, ಬಳಸುವವರೂ ನೀವೇ. ಮುಂಬೈ ಮಾರುಕಟ್ಟೆ ಬಿದ್ದ ದಿನವೂ ಬಿಸಿಲು ಬಂದರೆ ಮಿಕ್ಸಿ ತಿರುಗುತ್ತೆ.