ಮಂದ್ರಸ್ವರ ಮೌನವಾದಾಗ

ವಾದ್ಯಗೋಷ್ಠಿಯಲ್ಲಿ ಹಾಡುಗಾರನ ದನಿ ನಿಂತರೆ ಸಭೆಗೆಲ್ಲ ತಕ್ಷಣ ತಿಳಿಯುತ್ತದೆ. ಬೇಸ್ ಗಿಟಾರ್ ನಿಂತರೆ ಹಾಗಲ್ಲ. ಏನೋ ಕಡಿಮೆಯಾಯಿತೆಂದು ಕೇಳುಗರಿಗೆ ಅನಿಸುತ್ತದೆ. ಏನೆಂದು ಹೇಳಲು ಬಾರದು. ಪಾಯ ಸಡಿಲವಾದ ಮನೆಯಂತೆ ಹಾಡು ಅಲ್ಲಾಡುತ್ತದೆ. ವಾದಕ ಗಾಬರಿಯಿಂದ ಹಿಂದಿರುಗಿ ನೋಡಿದರೆ ಆಂಪ್ಲಿಫೈಯರಿನ ದೀಪವೇನೋ ಉರಿಯುತ್ತಿದೆ, ಸದ್ದು ಮಾತ್ರ ಇಲ್ಲ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಅದು ತಾನಾಗಿಯೇ ಮತ್ತೆ ನುಡಿಯಲೂಬಹುದು. ಬೇಸ್ ವಾದಕರನ್ನು ಕಾಡುವ ಈ ಕಾಯಿಲೆಯ ಮೂಲ ತಿಳಿಯಬೇಕಾದರೆ ಆ ಯಂತ್ರದ ಚರಿತ್ರೆಯನ್ನೇ ಸ್ವಲ್ಪ ನೋಡಬೇಕು.

ಅಮೆರಿಕದ ನೃತ್ಯ ಮೇಳಗಳಲ್ಲಿ ಮಂದ್ರಸ್ವರದ ಹೊಣೆ ಆಳೆತ್ತರದ ಡಬಲ್ ಬೇಸ್ ವಾದ್ಯದ್ದಾಗಿತ್ತು. ತುತ್ತೂರಿ, ಡ್ರಮ್‌ಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. 1940ರ ದಶಕದಲ್ಲಿ ಎವೆರೆಟ್ ಹಲ್ ಎಂಬ ವಾದಕ ಈ ವಾದ್ಯವನ್ನು ನೆಲಕ್ಕೂರುವ ಗೂಟದೊಳಗೇ ಮೈಕ್ರೊಫೋನ್ ಅಳವಡಿಸಿದ. ಗೂಟಕ್ಕೆ ಇಂಗ್ಲಿಷಿನಲ್ಲಿ ‘ಪೆಗ್’. ‘ಆಂಪ್ಲಿಫೈಡ್ ಪೆಗ್’ ಎಂಬುದೇ ಚಿಕ್ಕದಾಗಿ ‘ಆಂಪೆಗ್’ ಎಂಬ ಕಂಪೆನಿಯ ಹೆಸರಾಯಿತು. ಇನ್ನೊಂದು ದಾರಿ ಹಿಡಿದವನು ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್. ಫುಲ್ಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಈತ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದ. ಮರುವರ್ಷ ಅದಕ್ಕೆಂದೇ ‘ಬೇಸ್‌ಮನ್’ ಆಂಪ್ಲಿಫೈಯರ್ ಬಂತು. ಸ್ವಾರಸ್ಯದ ಸಂಗತಿಯೆಂದರೆ, ಮುಂದೆ ಬೇಸ್‌ಮನ್ ಅನ್ನು ಹೆಚ್ಚಾಗಿ ಮೆಚ್ಚಿದವರು ಬೇಸ್ ವಾದಕರಲ್ಲ, ಸಾಧಾರಣ ಗಿಟಾರ್ ವಾದಕರು. ಬೇಸ್‌ನ ಭಾರ ಹೊರಲು ಅದಕ್ಕಿದ್ದ ಶಕ್ತಿ ಸಾಲದಾಗಿತ್ತು.

ಭಾರ ಎಂಥದು? ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್ ಗಿಟಾರಿನದು ಸುಮಾರು 41 ಸಲ. ಕಂಪನ ಅರ್ಧಕ್ಕಿಳಿದಾಗ ಅಷ್ಟೇ ಜೋರಿನ ಸದ್ದಿಗೆ ಸ್ಪೀಕರಿನ ಶಂಕು ನಾಲ್ಕು ಪಟ್ಟು ಹಿಂದೆ ಮುಂದೆ ಚಲಿಸಬೇಕು. ಇದು ಸಾಲದೆಂಬಂತೆ ನಮ್ಮ ಕಿವಿಯೂ ಮಂದ್ರಸ್ವರಕ್ಕೆ ಮಂದ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆದ್ದರಿಂದ ಸಭೆಗೆ ಕೇಳಿಸಬೇಕಾದರೆ ಬೇಸ್‌ಗೆ ಉಳಿದವರಿಗಿಂತ ಎಷ್ಟೋ ಹೆಚ್ಚು ವಾಟ್ ಬೇಕು. ವಾಟ್ ಹೆಚ್ಚಿದಂತೆ ಬಿಸಿಯೂ ಹೆಚ್ಚು.

1960ರ ದಶಕದ ಕೊನೆಗೆ ರಾಕ್ ಸಂಗೀತ ಚಿಕ್ಕ ಸಭಾಂಗಣ ಬಿಟ್ಟು ದೊಡ್ಡ ಕ್ರೀಡಾಂಗಣಗಳಿಗೆ ನಡೆದಾಗ ಈ ಸಮಸ್ಯೆ ಬಿಗಡಾಯಿಸಿತು. 1969ರ ಅಮೆರಿಕ ಪ್ರವಾಸಕ್ಕೆ ಅಭ್ಯಾಸ ನಡೆಸಿದ್ದ ರೋಲಿಂಗ್ ಸ್ಟೋನ್ಸ್ ತಂಡದ ಆಂಪ್ಲಿಫೈಯರುಗಳು ಕೈಕೊಟ್ಟವು. ಆಗ ನೆರವಿಗೆ ಬಂದದ್ದು ಆಂಪೆಗ್ ಆಗಷ್ಟೇ ರೂಪಿಸಿದ್ದ ‘ಎಸ್‌ವಿಟಿ’. 14 ನಿರ್ವಾತ ಕೊಳವೆಗಳು, 300 ವಾಟ್ ಶಕ್ತಿ. ಹಳೆಯ ವಾಲ್ವ್ ರೇಡಿಯೊದ ದೈತ್ಯ ಸೋದರನೆನ್ನಬಹುದು. ಅದರ ಆರೋಗ್ಯ ನೋಡಿಕೊಳ್ಳಲು ಕಂಪೆನಿಯ ತಂತ್ರಜ್ಞನೂ ತಂಡದೊಡನೆ ಊರೂರು ತಿರುಗಬೇಕಾಯಿತು. ಮೊದಲು ಬಳಸಿದ 6146 ಕೊಳವೆಗಳನ್ನು ಕೆಲವೇ ವರ್ಷಗಳಲ್ಲಿ ಕೈಬಿಟ್ಟು 6550 ಕೊಳವೆಗಳನ್ನು ಹಾಕಲಾಯಿತು.

ಟ್ರಾನ್ಸಿಸ್ಟರ್ ಬಂದ ಮೇಲೆ ಯಂತ್ರ ಹಗುರವಾಯಿತು, ಆದರೆ ಸೂಕ್ಷ್ಮವೂ ಆಯಿತು. ಕೊಳವೆ ಸ್ವಲ್ಪ ಹೊತ್ತಿನ ಅತಿಭಾರವನ್ನು ಸಹಿಸೀತು. ಟ್ರಾನ್ಸಿಸ್ಟರ್ ಕ್ಷಣಮಾತ್ರದಲ್ಲಿ ಸುಟ್ಟುಹೋದೀತು. ಆದ್ದರಿಂದ ತಯಾರಕರು ಒಳಗೊಬ್ಬ ಕಾವಲುಗಾರನನ್ನು ಕೂರಿಸಿದರು. ಬಿಸಿ ಮಿತಿಮೀರಿದರೆ ಉಷ್ಣಸ್ವಿಚ್ ಸಂಪರ್ಕ ಕಡಿಯುತ್ತದೆ, ತಣಿದ ಮೇಲೆ ಮತ್ತೆ ಕೂಡಿಸುತ್ತದೆ. ಹತ್ತು ನಿಮಿಷದ ಮೌನದ ಗುಟ್ಟು ಇದೇ. ಅದು ಸಾವಲ್ಲ, ಆತ್ಮರಕ್ಷಣೆ.

ಕಾವಲುಗಾರ ಎಚ್ಚರಗೊಳ್ಳಲು ಕಾರಣಗಳು ಹಲವು. ಗಾಳಿಯ ಕಿಂಡಿಯಲ್ಲಿ ಧೂಳು ಕಟ್ಟಿರಬಹುದು, ಫ್ಯಾನ್ ನಿಂತಿರಬಹುದು, ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಿರಬಹುದು. 8 ಓಮ್‌ನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಮೂರನೆಯದನ್ನೂ ಸೇರಿಸಿದರೆ ಇನ್ನೂ ಇಳಿಯುತ್ತದೆ. ಯಂತ್ರದ ಹಿಂಬದಿಯಲ್ಲಿ ಬರೆದ ಮಿತಿಗಿಂತ ಅದು ಕೆಳಗಿಳಿದರೆ ಪ್ರವಾಹ ಉಕ್ಕಿ ಬಿಸಿಯೇರುತ್ತದೆ.

ಆದರೆ ಎಲ್ಲ ಮೌನವೂ ಬಿಸಿಯದಲ್ಲ. ತಂತಿ ಅಲ್ಲಾಡಿಸಿದಾಗ, ಪೆಟ್ಟಿಗೆಯನ್ನು ತಟ್ಟಿದಾಗ ಸದ್ದು ಮರಳಿದರೆ ಅದು ಸಂಪರ್ಕದ ಕಾಯಿಲೆ. ಮೊದಲು ಕೇಬಲ್ ಬದಲಿಸಬೇಕು. ವಾದ್ಯದೊಳಗೆ 9 ವೋಲ್ಟಿನ ಬ್ಯಾಟರಿಯಿದ್ದರೆ ಅದನ್ನೂ ನೋಡಬೇಕು. ಅನೇಕ ಯಂತ್ರಗಳ ಹಿಂದೆ ‘ಸೆಂಡ್’, ‘ರಿಟರ್ನ್’ ಎಂಬ ಎರಡು ತೂತುಗಳಿರುತ್ತವೆ. ಯಾರೂ ಬಳಸದ ಇವುಗಳೊಳಗಿನ ಲೋಹದ ಪಟ್ಟಿಗೆ ಕಿಲುಬು ಹಿಡಿದರೆ ಸದ್ದು ಅಲ್ಲೇ ತಡೆಯುತ್ತದೆ. ಚಿಕ್ಕ ಕೇಬಲಿನಿಂದ ಎರಡನ್ನೂ ಜೋಡಿಸಿದಾಗ ದನಿ ಬಂದರೆ ಕಳ್ಳ ಸಿಕ್ಕಿದಂತೆಯೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಫೆಂಡರನ ಕಾಲದ ರೇಡಿಯೊ ರಿಪೇರಿಯವರ ನಿಯಮ. ಇಂದಿಗೂ ಅದು ಹಳತಾಗಿಲ್ಲ.

ನಿಜವಾದ ಅಪಾಯ ಇರುವುದು ಕಾವಲುಗಾರನನ್ನೇ ಶತ್ರುವೆಂದು ಬಗೆಯುವುದರಲ್ಲಿ. ಕಾರ್ಯಕ್ರಮ ನಿಲ್ಲಬಾರದೆಂಬ ಆತುರದಲ್ಲಿ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿದರೆ ಅಂದಿನ ಹಾಡು ಮುಗಿದೀತು. ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಂಕಿಯೂ ಹತ್ತೀತು. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಜೋಡಿಸದೆ ನುಡಿಸುವುದೂ ಟ್ರಾನ್ಸ್‌ಫಾರ್ಮರಿಗೆ ಕುತ್ತು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕ ವಿದ್ಯುತ್ ಉಳಿದಿರುವುದರಿಂದ ಮುಚ್ಚಳ ತೆರೆಯುವ ಕೆಲಸ ಬಲ್ಲವರದು.

2000ದ ನಂತರ ಹರಡಿದ ‘ಕ್ಲಾಸ್ ಡಿ’ ಆಂಪ್ಲಿಫೈಯರುಗಳು ಎಸ್‌ವಿಟಿಯಷ್ಟೇ ಶಕ್ತಿಯನ್ನು ಕೈಚೀಲದಲ್ಲಿ ಒಯ್ಯುವಷ್ಟು ಕಿರಿದಾಗಿಸಿವೆ, ಬಿಸಿಯೂ ಕಡಿಮೆ. ಆದರೂ ಕಾವಲುಗಾರ ಅವುಗಳೊಳಗೂ ಕುಳಿತಿದ್ದಾನೆ. ಮಂದ್ರಸ್ವರದ ಭಾರ ಕಿರಿದಾಗಿಲ್ಲವಲ್ಲ!