‘ಅ’ ಸೇರಿದ ಸ್ಕರ್ವಿ

ಮೊನ್ನೆ ಇಲ್ಲಿ ಸೀಫ್‌ನ ಔಷಧಿ ಅಂಗಡಿಯಲ್ಲಿ ವಿಟಮಿನ್ ಸಿ ಮಾತ್ರೆ ಕೊಂಡೆ. ಮೂರು ತಿಂಗಳು ಶವರ್ಮಾ, ಖುಬ್ಬೂಸ್, ನೂಡಲ್ಸ್‌ನಲ್ಲೇ ಕಾಲ ಹಾಕಿದ್ದಕ್ಕೆ ಫೋನಿನಲ್ಲಿ ಅಮ್ಮನ ಹತ್ರ ಬೈಸಿಕೊಂಡ ಫಲ! ಡಬ್ಬಿ ಮೇಲೆ ‘ಆಸ್ಕಾರ್ಬಿಕ್ ಆಮ್ಲ’ ಅಂತಿತ್ತು. ಪಿಯುಸಿಯಲ್ಲಿ ಉರು ಹೊಡೆದ ಹೆಸರು, ಅರ್ಥ ಏನು ಅಂತ ಯಾವತ್ತೂ ಯೋಚಿಸಿರಲಿಲ್ಲ ನೋಡಿ.

‘ಸ್ಕಾರ್ಬ್ಯೂಟಸ್’ ಅಂದ್ರೆ ಯುರೋಪಿನ ವೈದ್ಯರ ಲ್ಯಾಟಿನ್‌ನಲ್ಲಿ ಸ್ಕರ್ವಿ. ಅದರ ಮುಂದಿನ ‘ಅ’ ಗ್ರೀಕಿನದು. ನಮ್ಮ ಅನ್ಯಾಯ, ಅಜ್ಞಾನಗಳಲ್ಲಿರುವ ‘ಅ’ದ ದಾಯಾದಿ. ಸ್ಕರ್ವಿ ಇಲ್ಲದಂತೆ ಮಾಡುವ ಆಮ್ಲ, ಅಷ್ಟೇ. ಇನ್ನು ಸ್ಕಾರ್ಬ್ಯೂಟಸ್‌ನ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಹುಳಿ ಹಾಲು, ಬಾವು ಅನ್ನೋ ಹಳೆಯ ನಾರ್ಸ್ ಪದಗಳು ಸೇರಿ ಆಗಿದ್ದು ಅನ್ನೋದು ಒಂದು ವಾದ.

ಈ ಕಾಯಿಲೆಗೂ ನಮ್ಮ ಕಾರವಾರದ ಕಡಲಿಗೂ ನಂಟಿದೆ. 1498ರ ಏಪ್ರಿಲ್‌ನಲ್ಲಿ ವಾಸ್ಕೋ ಡ ಗಾಮಾನ ಹಡಗುಗಳು ಆಫ್ರಿಕಾದ ಮೊಂಬಾಸಾ ಮುಟ್ಟಿದಾಗ ಅಲ್ಲಿನ ರಾಜ ಕಿತ್ತಳೆ, ನಿಂಬೆ, ಕಬ್ಬು ಕಳಿಸಿದ. ರೋಗಿಗಳೆಲ್ಲ ಎದ್ದು ಕೂತರು. ಹಡಗಿನ ದಿನಚರಿ ಬರೆದವನು ಹೊಗಳಿದ್ದು ಮಾತ್ರ ದೇವರನ್ನು ಮತ್ತು ಆ ಊರಿನ ಹವೆಯನ್ನು!

ವಾಪಸ್ ಹೋಗುವಾಗ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ 12 ದಿನ ತಂಗಿದರು. ಆಚೆ ದಡದವರು ಮಾರಲು ತಂದ ಮೀನು, ಕುಂಬಳಕಾಯಿ, ಸೌತೆಕಾಯಿ ತಿಂದರು. ಅಕ್ಟೋಬರ್ 5ಕ್ಕೆ ಹೊರಟರು. ಬರುವಾಗ ಮುಂಗಾರಿನ ಗಾಳಿ ಹಿಡಿದು ನಾಲ್ಕು ವಾರದೊಳಗೆ ದಾಟಿದ್ದ ಅರಬ್ಬೀ ಸಮುದ್ರ ಈಗ ಸುಮಾರು ಮೂರು ತಿಂಗಳು ತಿಂತು. ಎದುರುಗಾಳಿ, ಇಲ್ಲಾಂದ್ರೆ ಗಾಳಿಯೇ ಇಲ್ಲ. ಒಸಡು ಹಲ್ಲಿನ ಮೇಲೆಲ್ಲ ಬೆಳೆದು ತಿನ್ನಲಾಗದೆ, ಕಾಲು ಬಾತು 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಮಂದಿ.

1499ರ ಜನವರಿಯಲ್ಲಿ ಮಲಿಂದಿ ಮುಟ್ಟಿದಾಗ ರೋಗಿಗಳು ಆಸೆಪಟ್ಟಿದ್ದು ಕಿತ್ತಳೆಗೆ. ತರಿಸಿದರು, ಆದರೂ ಹಲವರು ಅಲ್ಲೇ ಸತ್ತರು. ದಿನಚರಿಯವನು ಈ ಸಲ ಹವೆಯನ್ನು ಬೈದ. ಇದನ್ನು ಓದಿದಾಗಿನಿಂದ ಮನಸ್ಸಿಗೆ ಒಂಥರಾ ಆಗಿದೆ. ಸಾಯುತ್ತಿದ್ದವರು ಕೇಳಿದ್ದೇ ಮದ್ದಾಗಿತ್ತು, ಬರೆಯುವವನಿಗೆ ಅದು ಕಾಣಲಿಲ್ಲ.

1747ರಲ್ಲಿ ಜೇಮ್ಸ್ ಲಿಂಡ್ 12 ನಾವಿಕರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಬೇರೆ ಬೇರೆ ಮದ್ದು ಕೊಟ್ಟಾಗ, ಕಿತ್ತಳೆ-ನಿಂಬೆ ತಿಂದವರೇ ಬೇಗ ಚೇತರಿಸಿಕೊಂಡರು. ಹಣ್ಣಿನೊಳಗಿನ ಆ ವಸ್ತುವನ್ನು ಬೇರ್ಪಡಿಸಿದ್ದು 1920ರ ದಶಕದ ಕೊನೆಯಲ್ಲಿ, ಹಂಗೇರಿಯ ಸೆಂಟ್ ಜ್ಯೋರ್ಜಿ. ಏನಂತ ಗೊತ್ತಾಗದೆ ‘ಇಗ್ನೋಸ್’, ಅಂದ್ರೆ ‘ಗೊತ್ತಿಲ್ಲ’ ಅನ್ನೋ ಅರ್ಥದ ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಹಾಗಾದ್ರೆ ‘ಗಾಡ್‌ನೋಸ್’ ಅಂದರು, ದೇವರಿಗೇ ಗೊತ್ತು! ಅದೂ ನಡೀಲಿಲ್ಲ. (ನಾವು ಕೋಡಿನಲ್ಲಿ ಟೆಂಪ್1, ಟೆಂಪ್2 ಅಂತ ಹೆಸರಿಡೋದಕ್ಕಿಂತ ವಾಸಿ ಬಿಡಿ.) ಕೊನೆಗೆ 1933ರಲ್ಲಿ ಅವರೂ ಹಾವರ್ತ್ ಎಂಬುವರೂ ಸೇರಿ ಆಸ್ಕಾರ್ಬಿಕ್ ಆಮ್ಲ ಅಂತ ಕರೆದರು.

ಇಷ್ಟನ್ನೂ ಅಮ್ಮನಿಗೆ ಫೋನಲ್ಲಿ ಹೇಳಿದೆ. ‘ಮಾತ್ರೆ ಯಾಕೋ, ಅಲ್ಲಿ ನಿಂಬೆಹಣ್ಣು ಸಿಗಲ್ವಾ?’ ಅಂದ್ಲು.